ಪ್ಯಾಕೆಟ್ ಮೇಲಿನ ತಾರೀಖು ಏನು ಹೇಳುತ್ತೆ, ಏನು ಹೇಳಲ್ಲ?

ಫ್ರಿಜ್ ಕ್ಲೀನ್ ಮಾಡುವ ದಿನ ಬಹುತೇಕ ಮನೆಗಳಲ್ಲಿ ಎರಡು ಪಕ್ಷಗಳಾಗುತ್ತವೆ. ತಾರೀಖು ದಾಟಿದ್ದೆಲ್ಲ ಕಸದ ಬುಟ್ಟಿಗೆ ಅನ್ನುವುದು ಒಂದು ಪಕ್ಷ. ಮೂಸಿ ನೋಡು, ಚೆನ್ನಾಗೇ ಇದೆ, ಅನ್ನ ಚೆಲ್ಲಬಾರದು ಅನ್ನುವುದು ಇನ್ನೊಂದು. ಮೊದಲ ಪಕ್ಷದಲ್ಲಿ ಸಾಮಾನ್ಯವಾಗಿ ನಮ್ಮ ವಯಸ್ಸಿನವರಿರುತ್ತೇವೆ, ಎರಡನೆಯದರಲ್ಲಿ ಅಜ್ಜಿಯಂದಿರು. ನಿಜ ಹೇಳಬೇಕಂದ್ರೆ ಇಬ್ಬರೂ ಅರ್ಧ ಸರಿ, ಅರ್ಧ ತಪ್ಪು. ಯಾವ ಅರ್ಧ ಸರಿ ಅಂತ ತಿಳಿಯೋಕೆ ಸ್ವಲ್ಪ ಕಾನೂನು, ಸ್ವಲ್ಪ ಕೆಮಿಸ್ಟ್ರಿ, ಸ್ವಲ್ಪ ಬಯಾಲಜಿ ಬೇಕು. ಬನ್ನಿ, ಒಂದೊಂದಾಗಿ ನೋಡೋಣ.

೧. ಎರಡು ತಾರೀಖು, ಎರಡು ಅರ್ಥ

ನಮ್ಮ ದೇಶದಲ್ಲಿ ಆಹಾರದ ಲೇಬಲ್ ಹೇಗಿರಬೇಕು ಅಂತ ಹೇಳುವ ಸಂಸ್ಥೆ ಎಫ್‌ಎಸ್‌ಎಸ್‌ಎಐ. ಅದರ 2020ರ ಲೇಬಲಿಂಗ್ ನಿಯಮದ ಪ್ರಕಾರ ಪ್ಯಾಕೆಟ್ ಮೇಲೆ ತಯಾರಿಸಿದ ಅಥವಾ ಪ್ಯಾಕ್ ಮಾಡಿದ ದಿನ ಮತ್ತು 'ಎಕ್ಸ್‌ಪೈರಿ' ಅಥವಾ 'ಯೂಸ್ ಬೈ' ದಿನ ಇರಬೇಕು. 'ಬೆಸ್ಟ್ ಬಿಫೋರ್' ಅನ್ನುವುದು ಹೆಚ್ಚುವರಿ ಮಾಹಿತಿ.

'ಬೆಸ್ಟ್ ಬಿಫೋರ್' ಮಾತಾಡುವುದು ಗುಣಮಟ್ಟದ ಬಗ್ಗೆ. ಆ ದಿನದವರೆಗೆ ರುಚಿ, ಗರಿಗರಿತನ, ಪರಿಮಳ ಕಂಪನಿ ಹೇಳಿದ ಹಾಗೇ ಇರುತ್ತೆ. ಆಮೇಲೆ ಸ್ವಲ್ಪ ಕಡಿಮೆಯಾಗಬಹುದು, ಆದರೆ ತಿನ್ನೋಕೆ ಸುರಕ್ಷಿತವಾಗಿಯೇ ಇರಬಹುದು. 'ಯೂಸ್ ಬೈ' ಹಾಗಲ್ಲ. ಅದು ಸುರಕ್ಷತೆಯನ್ನೂ ಸೇರಿಸಿಕೊಂಡ ಗಡಿ. ಆ ದಿನದ ನಂತರ ಅದನ್ನು ಮಾರುವಂತಿಲ್ಲ, ನಾವೂ ತಿನ್ನಬಾರದು.

ಅಂದರೆ ತಾರೀಖು ನೋಡುವ ಮೊದಲು ಅದರ ಹಿಂದಿರುವ ಎರಡು ಪದ ಓದಬೇಕು. ನಮ್ಮಲ್ಲಿ ಎಷ್ಟೋ ಜನ ಅಂಕಿ ಮಾತ್ರ ಓದುತ್ತಾರೆ, ಪದ ಓದುವುದಿಲ್ಲ.

೨. ತಾರೀಖು ಅಂದ್ರೆ ಡಿಸೈನ್ ಲೈಫ್

ಒಂದು ಮೋಟಾರಿನ ಆಯಸ್ಸು ಇಷ್ಟು ಗಂಟೆ ಅಂತ ಡೇಟಾಶೀಟ್‌ನಲ್ಲಿ ಬರೆದಿದ್ದರೆ, ಅದರ ಜೊತೆ ತಾಪಮಾನ, ಲೋಡ್ ಎಲ್ಲ ಬರೆದಿರುತ್ತೆ. ಆ ಷರತ್ತು ಮೀರಿ ಓಡಿಸಿದರೆ ಆ ಗಂಟೆಗಳ ಲೆಕ್ಕಕ್ಕೆ ಬೆಲೆ ಇಲ್ಲ. ಆಹಾರದ ತಾರೀಖೂ ಹಾಗೇ. 'ತಂಪಾದ, ಒಣ ಜಾಗದಲ್ಲಿಡಿ' ಅಂತ ಸಣ್ಣ ಅಕ್ಷರದಲ್ಲಿ ಇರುತ್ತಲ್ಲ, ಅದೇ ಆಪರೇಟಿಂಗ್ ಕಂಡಿಷನ್.

ಒಂದು ಲೆಕ್ಕ ಮಾಡೋಣ. ಎಣ್ಣೆ ಕಮಟು ಹಿಡಿಯುವಂಥ ರಾಸಾಯನಿಕ ಕ್ರಿಯೆಗಳ ವೇಗ ಪ್ರತಿ 10 ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಸುಮಾರು ದುಪ್ಪಟ್ಟಾಗುತ್ತೆ ಅನ್ನುವುದು ಅಂದಾಜಿನ ನಿಯಮ. ಆಹಾರದಿಂದ ಆಹಾರಕ್ಕೆ ಇದು ಬದಲಾಗುತ್ತೆ, ನಾವು 2 ಅಂತಲೇ ಹಿಡಿಯೋಣ. 25 ಡಿಗ್ರಿಯಲ್ಲಿ 6 ತಿಂಗಳು ಬಾಳುವ ಕುರುಕಲು ತಿಂಡಿಯನ್ನು ರಾಯಚೂರಿನ ಬೇಸಿಗೆಯ 40 ಡಿಗ್ರಿಯಲ್ಲಿ ಇಟ್ಟರೆ? ವ್ಯತ್ಯಾಸ 15 ಡಿಗ್ರಿ. 2ರ ಘಾತ 1.5 ಅಂದರೆ ಸುಮಾರು 2.8. 6 ತಿಂಗಳನ್ನು 2.8ರಿಂದ ಭಾಗಿಸಿದರೆ ಉಳಿಯುವುದು 2 ತಿಂಗಳ ಆಸುಪಾಸು. ಪ್ಯಾಕೆಟ್ ಮೇಲಿನ ತಾರೀಖು ಮಾತ್ರ ಬದಲಾಗಿರುವುದಿಲ್ಲ!

ಇನ್ನೊಂದು ಮಾತು: ಆ ತಾರೀಖು ಸೀಲ್ ಒಡೆಯದ ಪ್ಯಾಕೆಟ್‌ಗೆ ಮಾತ್ರ. ಯುಎಚ್‌ಟಿ ಹಾಲು ಇದಕ್ಕೆ ಒಳ್ಳೆಯ ಉದಾಹರಣೆ. ಅದನ್ನು 135 ಡಿಗ್ರಿಗಿಂತ ಹೆಚ್ಚು ಬಿಸಿಯಲ್ಲಿ ಕೆಲವೇ ಸೆಕೆಂಡು ಕಾಯಿಸಿ, ಕ್ರಿಮಿಯಿಲ್ಲದ ಡಬ್ಬಿಗೆ ತುಂಬಿರುತ್ತಾರೆ. ಹಾಗಾಗಿ ಅದು ಫ್ರಿಜ್ ಇಲ್ಲದೆಯೂ ತಿಂಗಳುಗಟ್ಟಲೆ ಇರುತ್ತೆ. ಆದರೆ ಕತ್ತರಿಯಿಂದ ಮೂಲೆ ಕತ್ತರಿಸಿದ ಕ್ಷಣದಿಂದ ಅದು ಸಾಮಾನ್ಯ ಹಾಲು. ಫ್ರಿಜ್‌ನಲ್ಲಿಟ್ಟು ಕೆಲವೇ ದಿನದಲ್ಲಿ ಮುಗಿಸಬೇಕು. ತಾರೀಖು ಇನ್ನೂ ಮೂರು ತಿಂಗಳಿದೆ ಅಂತ ವಾದ ಮಾಡಿದರೆ ಬ್ಯಾಕ್ಟೀರಿಯಾ ಕೇಳಲ್ಲ.

೩. ಮೂಗಿಗೆ ಸಿಗದ ಶತ್ರು

ಇನ್ನು ಅಜ್ಜಿಯ ಮೂಗಿಗೆ ಬರೋಣ. ಅದು ತುಂಬಾ ಒಳ್ಳೆಯ ಸೆನ್ಸರ್, ಅನುಮಾನವೇ ಬೇಡ. ಹಾಲು ಒಡೆಯುವುದು, ಸಾರು ಹಳಸುವುದು, ಕಡಲೆಕಾಯಿ ಮುಗ್ಗುವುದು ಎಲ್ಲ ಅದಕ್ಕೆ ತಿಳಿಯುತ್ತೆ. ಆದರೆ ಆಹಾರವನ್ನು ಕೆಡಿಸುವ ಸೂಕ್ಷ್ಮಜೀವಿ ಬೇರೆ, ಮನುಷ್ಯನನ್ನು ಕೆಡಿಸುವ ಸೂಕ್ಷ್ಮಜೀವಿ ಬೇರೆ. ಎರಡನೆಯದು ಎಷ್ಟೋ ಸಲ ವಾಸನೆಯನ್ನೂ ಬಿಡುವುದಿಲ್ಲ, ಬಣ್ಣವನ್ನೂ ಬದಲಿಸುವುದಿಲ್ಲ.

ನಮ್ಮ ಮನೆಗಳಿಗೆ ಹತ್ತಿರದ ಉದಾಹರಣೆ ಅನ್ನ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಾಣುಗಳಿರುತ್ತವೆ. ಅನ್ನ ಬೆಂದರೂ ಅವು ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಕೂತಾಗ ಮೊಳೆತು ಬೆಳೆಯುತ್ತವೆ, ವಾಂತಿ ತರಿಸುವ ವಿಷ ಬಿಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. 'ಚೆನ್ನಾಗಿ ಒಗ್ಗರಣೆ ಹಾಕಿ ಬಿಸಿ ಮಾಡಿದ್ರೆ ಏನೂ ಆಗಲ್ಲ' ಅನ್ನುವ ಮಾತು ಸೋಲುವುದು ಇಲ್ಲೇ.

5ರಿಂದ 60 ಡಿಗ್ರಿಯ ನಡುವಿನ ವಲಯವನ್ನು ಅಪಾಯದ ವಲಯ ಅಂತಾರೆ. ಅನುಕೂಲದ ಬಿಸಿ ಸಿಕ್ಕರೆ ಕೆಲವು ಬ್ಯಾಕ್ಟೀರಿಯಾ 20 ನಿಮಿಷಕ್ಕೊಮ್ಮೆ ದುಪ್ಪಟ್ಟಾಗುತ್ತವೆ. 100ರಿಂದ ಶುರುವಾದರೆ 3 ಗಂಟೆಗೆ 9 ಸಲ ದುಪ್ಪಟ್ಟಾಗಿ 51,200. 5 ಗಂಟೆಗೆ 15 ಸಲ ದುಪ್ಪಟ್ಟಾಗಿ 32 ಲಕ್ಷದ ಮೇಲೆ. ಮೊದಲ ಎರಡು ಗಂಟೆ ಯಾಕೆ ಮುಖ್ಯ ಅಂತ ಈ ಗ್ರಾಫ್ ಬರೆದು ನೋಡಿದರೆ ಗೊತ್ತಾಗುತ್ತೆ. ಪಾತ್ರೆಯಲ್ಲಿ ಮಿಕ್ಕ ಅನ್ನದ ಮೇಲೆ ಯಾವ ಕಂಪನಿಯೂ ತಾರೀಖು ಹಾಕಿರುವುದಿಲ್ಲ. ಅದರ ತಾರೀಖು ಶುರುವಾಗುವುದು ನಾವು ಒಲೆ ಆರಿಸಿದಾಗ.

೪. ನೀರು, ಹುಳಿ, ತಂಪು

ಹಾಗಾದರೆ ಲೇಬಲ್ ಇಲ್ಲದ ಕಾಲದಲ್ಲಿ ಜನ ಹೇಗೆ ಬದುಕಿದ್ರು? ಸೂಕ್ಷ್ಮಜೀವಿಗೆ ಬೇಕಾದ್ದನ್ನು ಕಿತ್ತುಕೊಂಡು.

ನೀರು: ಉತ್ತರ ಕರ್ನಾಟಕದ ಕಡಕ್ ರೊಟ್ಟಿ, ಹಪ್ಪಳ, ಸಂಡಿಗೆ ತಿಂಗಳುಗಟ್ಟಲೆ ಇರುವುದು ಅವುಗಳಲ್ಲಿ ನೀರು ಉಳಿದಿಲ್ಲದ್ದಕ್ಕೆ. ಉಪ್ಪಿನಕಾಯಿಯಲ್ಲಿ ನೀರಿದೆ, ಆದರೆ ಉಪ್ಪು ಅದನ್ನು ಹಿಡಿದಿಟ್ಟಿರುತ್ತೆ. ಅದಕ್ಕೇ ಒದ್ದೆ ಚಮಚ ಹಾಕಿದರೆ ಬೈಗುಳ ಬೀಳುವುದು.

ಹುಳಿ: ಮೊಸರು, ಹುದುಗಿದ ದೋಸೆಹಿಟ್ಟು, ಹುಣಸೆಹುಳಿಯ ಪುಳಿಯೋಗರೆ. ಆಮ್ಲದಲ್ಲಿ ಹೆಚ್ಚಿನ ರೋಗಕಾರಕಗಳಿಗೆ ಕಷ್ಟ. ಪ್ರಯಾಣಕ್ಕೆ ಬಿಳಿ ಅನ್ನ ಕಟ್ಟದೆ ಪುಳಿಯೋಗರೆ ಕಟ್ಟುವುದರ ಹಿಂದೆ ರುಚಿಯ ಜೊತೆ ಇದೂ ಇದೆ.

ತಂಪು: ಫ್ರಿಜ್ ಕೊಲ್ಲುವುದಿಲ್ಲ, ನಿಧಾನ ಮಾಡುತ್ತೆ ಅಷ್ಟೆ. ಲಿಸ್ಟೀರಿಯಾದಂಥವು ಫ್ರಿಜ್‌ನಲ್ಲೂ ಬೆಳೆಯುತ್ತವೆ. ಗರ್ಭಿಣಿಯರು, ಎಳೆ ಮಕ್ಕಳು, ವಯಸ್ಸಾದವರು ಇರುವ ಮನೆಯಲ್ಲಿ ಹೆಚ್ಚು ಎಚ್ಚರ ಬೇಕು ಅನ್ನುವುದು ಇದಕ್ಕೇ. ಕರೆಂಟ್ ಹೋದರೆ ಬಾಗಿಲು ತೆಗೆಯದ ಫ್ರಿಜ್ ಸುಮಾರು 4 ಗಂಟೆ ತಂಪು ಕಾಯುತ್ತೆ.

೫. ಎಸೆದದ್ದು ಎಲ್ಲಿಗೆ ಹೋಗುತ್ತೆ?

'ಅನುಮಾನ ಬಂದರೆ ಎಸೆದುಬಿಡೋದೇ ಸೇಫ್ ಅಲ್ವಾ?' ಅಂತ ನೀವು ಕೇಳಬಹುದು. ನಮ್ಮ ಹೊಟ್ಟೆಗೆ ಸೇಫ್, ನಿಜ. ಆದರೆ ಲೆಕ್ಕದ ಇನ್ನೊಂದು ಬದಿಯೂ ಇದೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ 105 ಕೋಟಿ ಟನ್ ಆಹಾರ ವ್ಯರ್ಥವಾಯಿತು. ಅದರಲ್ಲಿ ಸುಮಾರು 60 ಶೇಕಡಾ ಮನೆಗಳಿಂದಲೇ. ಭಾರತದ ಮನೆಗಳ ಅಂದಾಜು ಒಬ್ಬರಿಗೆ ವರ್ಷಕ್ಕೆ 55 ಕೆಜಿ. ಇದರಲ್ಲಿ ಸಿಪ್ಪೆಯಂಥ ತಿನ್ನಲಾಗದ ಭಾಗವೂ ಸೇರಿದೆ, ಆದರೂ ಸಣ್ಣ ಸಂಖ್ಯೆಯಲ್ಲ.

ಒಂದು ಕೆಜಿ ಅಕ್ಕಿ ಬೆಳೆಯೋಕೆ ಸರಾಸರಿ ಸುಮಾರು 2,500 ಲೀಟರ್ ನೀರು ಬೇಕು ಅನ್ನುತ್ತಾರೆ. ಅಂದರೆ 100 ಗ್ರಾಂ ಅಕ್ಕಿಯ ಅನ್ನ ಚೆಲ್ಲಿದರೆ 250 ಲೀಟರ್. ಕಾವೇರಿ ನೀರಿಗಾಗಿ ಬೀದಿಗಿಳಿಯುವ ನಾಡಿನಲ್ಲಿ ಈ ಗುಣಾಕಾರ ನೆನಪಿರಬೇಕು. ಇನ್ನು ಹಸಿ ಕಸ ಗಾಳಿಯಾಡದ ರಾಶಿಯಲ್ಲಿ ಕೊಳೆತರೆ ಮೀಥೇನ್ ಬರುತ್ತೆ, ಕೊಳೆನೀರು ನೆಲಕ್ಕಿಳಿಯುತ್ತೆ. ಬೆಂಗಳೂರಿನ ಕಸ ಹೊತ್ತ ಮಾವಳ್ಳಿಪುರ, ಮಂಡೂರಿನ ಜನ ಇದನ್ನು ವರ್ಷಗಟ್ಟಲೆ ಅನುಭವಿಸಿ ಪ್ರತಿಭಟಿಸಿದರು. ನಮ್ಮ 'ಸೇಫ್' ಇನ್ನೊಂದು ಊರಿನ ಬಾವಿಗೆ ಸೇಫ್ ಆಗಿರಲಿಲ್ಲ.

೬. ಹಾಗಾದ್ರೆ ನಿರ್ಧಾರ ಹೇಗೆ?

ನಮಗೆ ಸರಿ ಅನ್ನಿಸಿದ ಕ್ರಮ ಹೀಗಿದೆ:

• 'ಯೂಸ್ ಬೈ' ದಾಟಿದ್ದರೆ ವಾದ ಬೇಡ, ತಿನ್ನಬೇಡಿ. ವ್ಯರ್ಥ ತಡೆಯುವ ಕೆಲಸ ತಾರೀಖಿನ ಮೊದಲು ಆಗಬೇಕು: ಹಳೆಯದು ಮುಂದೆ, ಹೊಸದು ಹಿಂದೆ ಇಡಿ. ಮುಗಿಯದು ಅನ್ನಿಸಿದರೆ ಆ ದಿನದ ಒಳಗೇ ಅಡುಗೆ ಮಾಡಿ ಅಥವಾ ಫ್ರೀಜರ್‌ಗೆ ಹಾಕಿ.

• 'ಬೆಸ್ಟ್ ಬಿಫೋರ್' ಮಾತ್ರ ದಾಟಿದ್ದು, ಒಣ ಪದಾರ್ಥವಾಗಿದ್ದು, ಸೀಲ್ ಸರಿಯಾಗಿದ್ದರೆ ನೋಡಿ, ಮೂಸಿ, ನಿರ್ಧರಿಸಿ. ಇಲ್ಲಿ ಮೂಗಿಗೆ ಅಧಿಕಾರ ಕೊಡಬಹುದು.

• ಬೂಸ್ಟು ಬಂದ ಬ್ರೆಡ್, ಕಡಲೆಕಾಯಿಯಲ್ಲಿ ಬೂಸ್ಟು ಬಂದ ಭಾಗ ಮಾತ್ರ ತೆಗೆದು ಉಳಿದದ್ದು ತಿನ್ನುವುದು ಬೇಡ. ಬ್ರೆಡ್ ಒಳಗೆ ಎಳೆಗಳು ಕಾಣದಂತೆ ಹರಡಿರುತ್ತವೆ. ಕಡಲೆಕಾಯಿಯ ಬೂಸ್ಟಿನಿಂದ ಬರುವ ಅಫ್ಲಾಟಾಕ್ಸಿನ್ ಹುರಿದರೂ ಪೂರ್ತಿ ಹೋಗುವುದಿಲ್ಲ.

• ಮಿಕ್ಕ ಅನ್ನವನ್ನು ಅಗಲ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್‌ಗೆ ಇಡಿ. ಮರುದಿನ ಚಿತ್ರಾನ್ನ ಮಾಡುವಾಗ ಹಬೆಯಾಡುವಷ್ಟು ಬಿಸಿ ಮಾಡಿ, ಒಂದೇ ಸಲ. ರಾತ್ರಿಯಿಡೀ ಹೊರಗಿದ್ದ ಅನ್ನಕ್ಕೆ ಈ ಮಾತು ಅನ್ವಯಿಸುವುದಿಲ್ಲ.

• ಹುಳಿ ಹೆಚ್ಚಾದ ದೋಸೆಹಿಟ್ಟು ಕೆಟ್ಟದ್ದಲ್ಲ; ಈರುಳ್ಳಿ, ಮೆಣಸಿನಕಾಯಿ ಹಾಕಿದರೆ ಪಡ್ಡು. ಹಿಟ್ಟಿನ ಮೇಲೆ ಗುಲಾಬಿ, ಕಪ್ಪು ಬಣ್ಣ ಕಂಡರೆ ಮಾತ್ರ ಎಸೆಯಿರಿ.

ಎಸೆಯಲೇಬೇಕಾದ್ದು ಹಸಿ ಕಸದ ಬುಟ್ಟಿಗೆ, ಸಾಧ್ಯವಾದರೆ ಕಾಂಪೋಸ್ಟ್‌ಗೆ.

ನಿಮಗೊಂದು ಅಭ್ಯಾಸ

ಒಂದು ವಾರ ಫ್ರಿಜ್ ಬಾಗಿಲಿಗೆ ಒಂದು ಹಾಳೆ ಅಂಟಿಸಿ. ಎಸೆದ ಪ್ರತಿಯೊಂದಕ್ಕೂ ಮೂರು ಕಾಲಂ ತುಂಬಿ: ಏನು, ಎಷ್ಟು, ಯಾಕೆ. 'ಯಾಕೆ' ಅನ್ನುವ ಕಡೆ ತಾರೀಖು, ಹಳಸಿತು, ಹೆಚ್ಚು ಮಾಡಿದೆವು, ಮರೆತೆವು ಇವುಗಳಲ್ಲಿ ಒಂದನ್ನು ಬರೆಯಿರಿ. ಹಾಸ್ಟೆಲ್‌ನಲ್ಲಿದ್ದರೆ ನಿಮ್ಮ ರೂಮಿನ ಬಿಸ್ಕೆಟ್ ಡಬ್ಬಿ, ಮೆಸ್‌ನ ತಟ್ಟೆಯಿಂದಲೇ ಶುರುಮಾಡಿ. ವಾರದ ಕೊನೆಗೆ ಯಾವ ಕಾರಣ ಹೆಚ್ಚು ಸಲ ಬಂದಿದೆ ಎಣಿಸಿ. 'ತಾರೀಖು' ಹೆಚ್ಚು ಬಂದಿದ್ದರೆ ಲೇಬಲ್ ಓದುವುದನ್ನು ಕಲಿಯಬೇಕು. 'ಮರೆತೆವು', 'ಹೆಚ್ಚು ಮಾಡಿದೆವು' ಬಂದಿದ್ದರೆ ಯಾವ ಲೇಬಲ್ಲೂ ಸಹಾಯಕ್ಕೆ ಬರುವುದಿಲ್ಲ. ಅಳತೆ ಪಾವನ್ನು ಸ್ವಲ್ಪ ಕಡಿಮೆ ತುಂಬಬೇಕು. ನಿಮ್ಮ ಪಟ್ಟಿಯನ್ನು ನಮಗೆ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಎಲ್ಲರದನ್ನೂ ಸೇರಿಸಿ ಒಂದು ಗ್ರಾಫ್ ಮಾಡೋಣ.