ಸಿಮೆಂಟ್ ನೆಲಕ್ಕೆ ಆಸಿಡ್ ಬೇಕೇ?



ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಮಣ್ಣಿನ ಅಂಗಳ ಕಡಿಮೆಯಾಗುತ್ತಾ ಬಂದಿದೆ. ಮನೆ ಮುಂದೆ, ಬಚ್ಚಲಲ್ಲಿ, ನೀರಿನ ತೊಟ್ಟಿ ಹತ್ತಿರ, ಕೊಟ್ಟಿಗೆಯಲ್ಲಿ, ಹುಳು ಸಾಕುವ ಮನೆಯಲ್ಲಿ ಎಲ್ಲೆಲ್ಲೂ ಸಿಮೆಂಟು. ಅದನ್ನು ತೊಳೆಯುವವರು ಮಾತ್ರ ನಾವು ಹೆಂಗಸರೇ. ಮಳೆಗಾಲದಲ್ಲಿ ಪಾಚಿ ಮೇಲೆ ಜಾರಿ ಬಿದ್ದು ಕೈ ಮುರಿದುಕೊಂಡ ಒಬ್ಬ ಸದಸ್ಯೆ ಎರಡು ತಿಂಗಳು ಕೂಲಿ ಕಳೆದುಕೊಂಡರು. ಆದ್ದರಿಂದ ಇದು ಬರೀ ಅಂದಚೆಂದದ ಮಾತಲ್ಲ.

ಸಭೆಯಲ್ಲಿ ಕೇಳಿದರೆ ಹೆಚ್ಚಿನವರು, “ಸಿಸ್ಟರ್, ಆಸಿಡ್ ಹಾಕಿದ್ರೇನೇ ಹೋಗೋದು” ಅಂತಾರೆ. ಆಸಿಡ್ ಸುರಿದಾಗ ಬುಸಬುಸ ಅಂತ ನೊರೆ ಬರುತ್ತಲ್ಲ, ಅದನ್ನು ನೋಡಿ ಕೊಳೆ ಬಿಡ್ತಾ ಇದೆ ಅಂದುಕೊಳ್ಳುತ್ತೇವೆ. ನಿಜವಾಗಿ ಕರಗುತ್ತಿರುವುದು ಸಿಮೆಂಟಿನೊಳಗಿನ ಸುಣ್ಣದ ಅಂಶ. ಮೇಲಿನ ನಯ ಹೋಗಿ ನೆಲ ತರಿತರಿಯಾಗುತ್ತದೆ. ಆ ಸಣ್ಣ ಗುಂಡಿಗಳಲ್ಲಿ ನೀರು, ಮಣ್ಣು ನಿಂತು ಪಾಚಿ ಇನ್ನೂ ಚೆನ್ನಾಗಿ ಹಿಡಿಯುತ್ತದೆ. ಮುಂದಿನ ಸಲ ಇನ್ನೊಂದು ಬಾಟಲಿ ಬೇಕು. ದುಡ್ಡೂ ಹೋಯಿತು, ನೆಲವೂ ಹೋಯಿತು!

ಹಾಗಾದರೆ ಹುಣಸೆಹಣ್ಣು, ನಿಂಬೆಹಣ್ಣು, ವಿನಿಗರ್ ಹಾಕಬಹುದಲ್ಲ, ಅವು ಅಡುಗೆ ಮನೆಯವೇ ತಾನೇ ಎಂದು ಕೆಲವರು ಕೇಳುತ್ತಾರೆ. ಹುಣಸೆಹಣ್ಣು ತಾಮ್ರದ ಬಿಂದಿಗೆಗೆ ಬಹಳ ಒಳ್ಳೆಯದು, ಸಿಮೆಂಟಿಗೆ ಅಲ್ಲ. ಹುಳಿ ಯಾವುದಾದರೂ ಸುಣ್ಣವನ್ನು ತಿನ್ನುತ್ತದೆ, ಸ್ವಲ್ಪ ನಿಧಾನವಾಗಿ ಅಷ್ಟೆ. ಸಿಮೆಂಟಿಗೆ ಹೊಂದುವುದು ಕ್ಷಾರದ ವಸ್ತು: ಬೂದಿ, ಬಟ್ಟೆ ಸೋಡಾ, ಸಾಬೂನು.

ಇನ್ನೊಂದು ಮಾತನ್ನು ದಯವಿಟ್ಟು ಎಲ್ಲರಿಗೂ ಹೇಳಿ. ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಎರಡನ್ನೂ ಒಟ್ಟಿಗೆ ಎಂದೂ ಹಾಕಬಾರದು. ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. 1915ರಲ್ಲಿ ಮೊದಲ ಮಹಾಯುದ್ಧದಲ್ಲಿ ಸೈನಿಕರನ್ನು ಕೊಲ್ಲಲು ಬಿಟ್ಟದ್ದು ಇದೇ ಅನಿಲ. ಕಿಟಕಿ ಇಲ್ಲದ ಬಚ್ಚಲಲ್ಲಿ ಉಸಿರು ಕಟ್ಟಿಬಿಡುತ್ತದೆ. ಆಸಿಡ್ ಹೆಂಗಸರ ಮುಖಕ್ಕೆ ಎರಚುವ ಆಯುಧವಾದದ್ದೂ ನಮಗೆ ಗೊತ್ತಿದೆ. ಅದಕ್ಕೇ ಸುಪ್ರೀಂ ಕೋರ್ಟು 2013ರಲ್ಲಿ ಅಂಗಡಿಗಳಲ್ಲಿ ಆಸಿಡ್ ಮಾರಾಟಕ್ಕೆ ಕಟ್ಟುಪಾಡು ಹಾಕಿತು. ಮನೆಯಲ್ಲಿ ಬಾಟಲಿ ಇಲ್ಲದಿದ್ದರೆ ಮಕ್ಕಳ ಭಯವೂ ಇಲ್ಲ.

ಈಗ ಕೆಲಸಕ್ಕೆ ಬರೋಣ. ಪಾಚಿಯನ್ನು ಒದ್ದೆಯಾಗಿರುವಾಗ ಉಜ್ಜಬೇಡಿ, ಬರೀ ಹರಡುತ್ತದೆ. ಎರಡು ದಿನ ನೀರು ಬೀಳದ ಹಾಗೆ ನೋಡಿಕೊಂಡು, ಬಿಸಿಲಿಗೆ ಒಣಗಿದ ಮೇಲೆ ಗಟ್ಟಿ ಕಡ್ಡಿ ಪೊರಕೆಯಿಂದ ಕೆರೆದು ಗುಡಿಸಿ. ಅರ್ಧಕ್ಕರ್ಧ ಅಲ್ಲೇ ಹೋಗುತ್ತದೆ. ಉಳಿದದ್ದಕ್ಕೆ ಒಂದು ಬಕೆಟ್ ಬಿಸಿ ನೀರಿಗೆ ಎರಡು ಹಿಡಿ ಬಟ್ಟೆ ಸೋಡಾ ಕರಗಿಸಿ ಸುರಿದು, ಅರ್ಧ ಗಂಟೆ ಬಿಟ್ಟು ತೆಂಗಿನ ನಾರಿನಿಂದ ಉಜ್ಜಿ. ಸೋಡಾವನ್ನು ಬರಿಗೈಯಲ್ಲಿ ಮುಟ್ಟಬೇಡಿ, ಕೈಗೆ ಪ್ಲಾಸ್ಟಿಕ್ ಕವರ್ ಕಟ್ಟಿಕೊಂಡರೂ ಸಾಕು. ಆಮೇಲೆ ಪಾಚಿ ಯಾಕೆ ಬಂತು ಎಂದು ನೋಡಬೇಕು. ನಲ್ಲಿ ತೊಟ್ಟಿಕ್ಕುತ್ತಿದೆಯೇ? ನೀರು ಹರಿಯಲು ಓಟ ಇಲ್ಲವೇ? ಅದನ್ನು ಸರಿ ಮಾಡದೆ ಎಷ್ಟು ಉಜ್ಜಿದರೂ ಪಾಚಿ ಮತ್ತೆ ಬರುತ್ತದೆ.

ಎಣ್ಣೆ, ಗಾಡಿಯ ಗ್ರೀಸು ಬಿದ್ದರೆ ತಕ್ಷಣ ನೀರು ಹಾಕಬೇಡಿ. ಒಣ ಬೂದಿ ಅಥವಾ ಮರದ ಹೊಟ್ಟು ಹರಡಿ ಒಂದು ರಾತ್ರಿ ಬಿಡಿ. ಚನ್ನಪಟ್ಟಣದ ಕಡೆ ಬೊಂಬೆ ಕೆಲಸದವರ ಮನೆಯಲ್ಲಿ ಹೊಟ್ಟು ಸಿಗುತ್ತದೆ, ಬಣ್ಣ ತಾಗದ್ದನ್ನು ಕೇಳಿ ತನ್ನಿ. ಗುಡಿಸಿ ತೆಗೆದ ಮೇಲೆ ಸೋಡಾ ನೀರು. ಹೊಸ ಗೋಡೆ, ನೆಲದ ಮೇಲೆ ಉಪ್ಪಿನಂಥ ಬಿಳಿ ಪುಡಿ ಬಂದರೆ ಒಣ ಪೊರಕೆ ಸಾಕು. ತೊಳೆದಷ್ಟೂ ಮತ್ತೆ ಏಳುತ್ತದೆ.

ರೇಷ್ಮೆ ಹುಳು ಸಾಕುವ ಮನೆಯ ವಿಷಯ ಬೇರೆ. ಅಲ್ಲಿ ಬೂದಿ, ಸೋಡಾ ನಂಬಿಕೊಂಡು ಕೂತರೆ ಹುಳುವಿಗೆ ರೋಗ ಬಂದು ಬೆಳೆ ಹೋಗುತ್ತದೆ. ರೇಷ್ಮೆ ಇಲಾಖೆಯವರು ಹೇಳುವಂತೆ ಬ್ಲೀಚಿಂಗ್ ಪೌಡರ್ ಮತ್ತು ಸುಣ್ಣದ ದ್ರಾವಣವನ್ನು ಅಳತೆ ಪ್ರಕಾರ ಹಾಕಲೇಬೇಕು. ಆದರೆ ಮೊದಲು ಕಸ, ಹಿಕ್ಕೆ ಎಲ್ಲ ಗುಡಿಸಿ ತೊಳೆದಿರಬೇಕು. ಕೊಳೆಯ ಮೇಲೆ ಹಾಕಿದ ಬ್ಲೀಚಿಂಗ್ ಕೊಳೆಯಲ್ಲೇ ಮುಗಿದುಹೋಗುತ್ತದೆ, ರೋಗಾಣು ಉಳಿಯುತ್ತದೆ.

ಬಿಡದಿ ಹತ್ತಿರದ ಬೈರಮಂಗಲ ಕೆರೆಯ ನೊರೆಯನ್ನು ನಾವೆಲ್ಲ ನೋಡಿದ್ದೇವೆ. ವೃಷಭಾವತಿ ಬೆಂಗಳೂರಿನ ಕೊಳಚೆ ತಂದು ಸುರಿಯುತ್ತದೆ ಎಂದು ಬೈಯುತ್ತೇವೆ, ಬೈಯುವುದು ನ್ಯಾಯವೇ. ಆದರೆ ನಮ್ಮ ಚರಂಡಿ ನೀರೂ ಹಳ್ಳ ಹಿಡಿದು ಅರ್ಕಾವತಿಗೋ ಕಣ್ವಕ್ಕೋ ಇಳಿಯುತ್ತದೆ, ಕೊನೆಗೆ ಕಾವೇರಿಗೆ. ಪೋಪ್ ಫ್ರಾನ್ಸಿಸ್ ಅವರು 2015ರ ‘ಲೌದಾತೊ ಸಿ’ ಪತ್ರದಲ್ಲಿ, ಜನ ದಿನನಿತ್ಯ ಬಳಸುವ ಮಾರ್ಜಕ ಮತ್ತು ರಾಸಾಯನಿಕಗಳೇ ನದಿ, ಕೆರೆ, ಸಮುದ್ರ ಸೇರುತ್ತಿವೆ ಎಂದು ಬರೆದಿದ್ದಾರೆ. ಯಾವ ಧರ್ಮದವರಾದರೂ ಕುಡಿಯುವುದು ಅದೇ ನೀರು.

ಮುಂದಿನ ಸಭೆಗೆ: ಪೈಪಿನಲ್ಲಿ ಅಂಗಳ ತೊಳೆಯುವವರು ಒಂದು ಸಲ ಪೈಪನ್ನು ಬಕೆಟ್ಟಿಗೆ ಹಿಡಿದು, ಅದು ತುಂಬಲು ಎಷ್ಟು ಹೊತ್ತು ಬೇಕು ಎಂದು ಲೆಕ್ಕ ಹಾಕಿ. ಹೋದ ವರ್ಷ ಆಸಿಡ್, ಫಿನಾಯಿಲಿಗೆ ಖರ್ಚಾದ ಹಣವನ್ನೂ ಬರೆದು ತನ್ನಿ. ಎರಡನ್ನೂ ಪುಸ್ತಕ ಬರೆಯುವವರು ಸಂಘದ ನಡಾವಳಿಯಲ್ಲಿ ಸೇರಿಸಲಿ.