ಅಂಗಡಿ ಮುಂದಿನ ನಾಲ್ಕು ಹೆಜ್ಜಿ

ತಮ್ಮಾ, ಅಥಣಿ ಪ್ಯಾಟ್ಯಾಗ ಚಪ್ಪಲ್ ಅಂಗಡಿ ಹಾಕೀದಿ, ಭಾಳ ಖುಷಿ ಆತು. ಬೋರ್ಡಿನ ಮ್ಯಾಲೆ ‘ಜಿಐ’ ಅಂತ ದೊಡ್ಡದಾಗಿ ಬರಸೀದಿ. ಖರೆ, 2019ರಾಗ ಕೊಲ್ಹಾಪುರಿ ಚಪ್ಪಲಿಗೆ ಆ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲಾದ ಜೋಡಿ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟಿ, ವಿಜಯಪುರನೂ ಸೇರಿದ್ವು. ಹೆಸರು ಕೊಲ್ಹಾಪುರದ್ದು, ಹೊಲಿಗಿ ನಮ್ಮದೂ ಹೌದು.

ನಿನ್ನೆ ಸಂಜಿ ನಿನ್ನ ಅಂಗಡಿ ಮುಂದ ನಿಂತಿದ್ದೆ. ಬಾಗಿಲಿಗೆ ಅಡ್ಡ ನಿನ್ನ ಬೈಕು, ಬಾಜೂಕ ನಿನ್ನ ಆಳಿನ ಬೈಕು. ಮಿರಜ ಕಡಿಂದ ಬಂದ ಗಂಡಹೆಂಡತಿ ಒಂದು ಜೋಡು ಆರಿಸಿದ್ರು. ಚರ್ಮದ ಚಪ್ಪಲ್ ಕೈಯಾಗ ಹಿಡದು ನೋಡಿ ಕೊಳ್ಳೂದಲ್ಲ. ಮೆಟ್ಟಿ ನಾಲ್ಕು ಹೆಜ್ಜಿ ಹಾಕಬೇಕು, ಎಲ್ಲಿ ಒತ್ತತೈತಿ, ಕರಕರ ಅಂತೈತೋ ಇಲ್ಲೋ ಕೇಳಬೇಕು. ಆಯವ್ವ ಎರಡು ಹೆಜ್ಜಿ ಇಡೂದ್ರಾಗ ಹಿಂದಿಂದ ಟಂಟಂ ಹಾರ್ನ್ ಹೊಡೀತು. ಚಪ್ಪಲ್ ಬಿಚ್ಚಿಟ್ಟು ಹೋದ್ರು. ನೀ ಮೊಬೈಲ್ ನೋಡಾಕತ್ತಿದ್ದಿ.

ಸಂಜಿ ಹೊತ್ತು ಓಣಿಯೊಳಗ ಗಾಡಿ ಬಂದ್ ಮಾಡ್ರಿ ಅಂದ್ರ, ಗಾಡಿ ಬಿಡದಿದ್ರ ಗಿರಾಕಿ ಬರೂದಿಲ್ಲ ಅಂತಿ. ಡೆನ್ಮಾರ್ಕಿನ ಕೋಪನ್‌ಹೇಗನ್‌ನ ವ್ಯಾಪಾರಿಗಳಿಗೂ 1962ರಾಗ ಇದ ಅಂಜಿಕಿ ಇತ್ತು. ಅಲ್ಲಿ ಮುಖ್ಯ ಬೀದಿಯೊಳಗ ಮೊದಲ ಪ್ರಯೋಗ ಅಂತ ಗಾಡಿ ಬಂದ್ ಮಾಡಿದ್ರು. 1964ರಾಗ ಅದ ಕಾಯಂ ಆತು. ಗ್ಯಾಂಗ್ಟಕ್‌ನ ಎಂ.ಜಿ. ಮಾರ್ಗದಾಗೂ ಗಾಡಿ ಇಲ್ಲ, ಅಂಗಡಿ ನಡದಾವು. ಬೆಂಗಳೂರಿನ ಚರ್ಚ್ ಸ್ಟ್ರೀಟಿನ್ಯಾಗ 2020ರ ನವೆಂಬರಿಂದ ಕೆಲವು ತಿಂಗಳು ಶನಿವಾರ, ರವಿವಾರ ಅಷ್ಟ ಬಂದ್ ಮಾಡಿದ್ರು, ಆಮ್ಯಾಲೆ ಬಿಟ್ಟರು. ಅಲ್ಲಿದ್ದದ್ದನ್ನ ಎತ್ತಿ ತಂದು ಇಲ್ಲಿ ಹಚ್ಚಾಕ ಬರೂದಿಲ್ಲ ಬಿಡು. ನಮ್ಮಲ್ಲಿ ಕಿರಾಣಿ ಮೂಟಿ ಇಳಿಯಬೇಕು, ಹಳ್ಳಿಯಿಂದ ಬಂದವರು ಚೀಲ ಹೊತ್ಗೊಂಡು ಬಸ್ ಹಿಡಿಯಬೇಕು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ ಪ್ಯಾಟಿದೂ ಇದ ಹಾಡು.

ಅದಕ್ಕ ಸಣ್ಣದಾಗಿ ಸುರು ಮಾಡ್ರಿ. ದೀಪಾವಳಿ ಮುಂದಿನ ಎಂಟು ದಿನ, ಸಂಜಿ 5ರಿಂದ 9ರ ತನಕ, ಒಂದ ಓಣಿ. ಮಾಲು ಮುಂಜಾನೆ ಇಳೀಲಿ. ಆಂಬುಲೆನ್ಸಿಗೆ, ಬೆಂಕಿ ಆರಸೂ ಗಾಡಿಗೆ ದಾರಿ ಇರಲಿ. ಮುದುಕರು ಕೂಡಾಕ ಎರಡು ಕಟ್ಟಿ, ಹೆಣ್ಮಕ್ಕಳಿಗೆ ಒಂದು ಶೌಚಾಲಯ. ಇವೆರಡಿಲ್ಲದಿದ್ರ ಮಂದಿ ಭಾಳ ಹೊತ್ತು ನಿಲ್ಲೂದಿಲ್ಲ.

ಇನ್ನೊಂದು. ಓಣಿ ಚಂದ ಮಾಡೂ ನೆವದಾಗ ಕಾಯಿಪಲ್ಲೆ ಮಾರೋ ಅಕ್ಕಂದಿರನ್ನ ಎಬ್ಬಸಬ್ಯಾಡ್ರಿ. ನಡದು ಬರೂ ಮಂದೀನ ಪ್ಯಾಟಿಗೆ ಎಳಕೊಂಡು ಬರೂದ ಅವರ ಬುಟ್ಟಿ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯೊಳಗ ಶೇ. 40ಕ್ಕ ಕಡಿಮಿ ಇಲ್ಲದಂಗ ಅವರ ಪ್ರತಿನಿಧಿಗಳು ಇರಬೇಕು. ಅವರನ್ನ ಕರದು ಕುಂಡರಿಸಿ ಮಾತಾಡ್ರಿ.

ಪುರಸಭೆಗೆ ಅರ್ಜಿ ಆಮ್ಯಾಲೆ ಬರಿಯೂವಂತಿ. ನಾಳೆ ಮುಂಜಾನೆ ಮೊದಲ ಆ ಎರಡೂ ಬೈಕು ಹಿತ್ತಲದಾಗ ಹಚ್ಚು.