ಜೊತೆಗೆ ಬಂದ ಮಕ್ಕಳಿಗಾಗಿ, ಬಾರದೆ ಉಳಿದ ಮಕ್ಕಳಿಗಾಗಿ

ವಾಚನ: ಲೂಕ 2:41-52



ಈ ಬೆಟ್ಟದ ಮೆಟ್ಟಿಲುಗಳಲ್ಲಿ ಪುಟ್ಟ ಮಕ್ಕಳು ನಮಗಿಂತ ಮುಂದೆ ಓಡ್ತಾರೆ. ಅವರಿಗೆ ಸುಸ್ತಿಲ್ಲ, ಸಂಶಯವೂ ಇಲ್ಲ. ಆದರೆ ಎಷ್ಟೋ ಕುಟುಂಬಗಳಲ್ಲಿ ಒಬ್ಬರು ಬಂದಿರುವುದಿಲ್ಲ. "ನೀವು ಹೋಗಿ ಬನ್ನಿ, ನಾನು ಬರಲ್ಲ" ಅಂತ ಹೇಳಿ ಮನೆಯಲ್ಲೇ ಉಳಿದ ಮಗ, ಇಲ್ಲವೇ ದೂರದ ಊರಿನಲ್ಲಿ ಕೆಲಸಕ್ಕಿದ್ದು ಭಾನುವಾರದ ಪೂಜೆಯನ್ನೇ ಬಿಟ್ಟ ಮಗಳು. ಮೇಣದಬತ್ತಿ ಹಚ್ಚುವಾಗ ತಾಯಿಯ ಬಾಯಲ್ಲಿ ಬರುವ ಮೊದಲ ಹೆಸರು ಆ ಮಗುವಿನದೇ. ಈ ಪಾಠ ಜೊತೆಗೆ ಬಂದ ಮಕ್ಕಳಿಗೂ ಸೇರಿದ್ದು, ಬಾರದ ಮಕ್ಕಳಿಗೂ ಸೇರಿದ್ದು.

1. ಪವಿತ್ರ ಕುಟುಂಬವೂ ಯಾತ್ರೆ ಮಾಡಿತು

ನಜರೇತಿನಿಂದ ಜೆರುಸಲೇಮಿಗೆ ನೂರು ಕಿಲೋಮೀಟರಿಗೂ ಹೆಚ್ಚು ದೂರ. ಜೋಸೆಫರೂ ಮರಿಯಮ್ಮನವರೂ ಪ್ರತಿ ವರ್ಷ ಪಾಸ್ಕ ಹಬ್ಬಕ್ಕೆ ಅಲ್ಲಿಗೆ ಹೋಗುತ್ತಿದ್ದರು. ಬಾಲಯೇಸುವಿಗೆ 12 ವರ್ಷವಾದಾಗಲೂ ಹಾಗೆಯೇ ಹೋದರು. ಹಿಂದಿರುಗುವಾಗ ಮಗ ಜನರ ಗುಂಪಿನಲ್ಲೇ ಇದ್ದಾನೆ ಅಂದುಕೊಂಡು ಒಂದು ದಿನದ ದಾರಿ ನಡೆದುಬಿಟ್ಟರು. ಮೂರು ದಿನಗಳಾದ ಮೇಲೆ ಮಗ ಸಿಕ್ಕಿದ್ದು ಮಹಾದೇವಾಲಯದಲ್ಲಿ, ಬೋಧಕರ ನಡುವೆ ಕುಳಿತು ಕೇಳುತ್ತಾ, ಪ್ರಶ್ನೆ ಹಾಕುತ್ತಾ ಇದ್ದಾಗ.

ಗಮನಿಸಿ: ಅಷ್ಟು ಪರಿಶುದ್ಧ ತಂದೆತಾಯಿಗೂ ಮಗ ಎಲ್ಲಿದ್ದಾನೆಂದು ತಿಳಿಯದ ದಿನಗಳು ಬಂದವು. ಮರಿಯಮ್ಮನವರು ತಮ್ಮ ಸಂಕಟವನ್ನು ಮುಚ್ಚಿಡಲಿಲ್ಲ, ನೇರವಾಗಿ ಕೇಳಿದರು. ಮಗ ಕೊಟ್ಟ ಉತ್ತರ ಆಗ ಅರ್ಥವಾಗಲಿಲ್ಲ. ಆದರೂ ಎಲ್ಲವನ್ನೂ ಮನದಲ್ಲಿಟ್ಟುಕೊಂಡರು. ಎಲ್ಲರೂ ಒಟ್ಟಿಗೆ ಮನೆಗೆ ಹಿಂದಿರುಗಿದರು.

2. ಮನೆಯೇ ಮೊದಲ ದೇವಾಲಯ

ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲಿ ಕುಟುಂಬವನ್ನು ಗೃಹಸಭೆ ಎಂದು ಕರೆಯಿತು. ವಾರಕ್ಕೆ 168 ಗಂಟೆ. ಧರ್ಮೋಪದೇಶದ ತರಗತಿ ಅದರಲ್ಲಿ ಒಂದು ಗಂಟೆ. ಉಳಿದ ಗಂಟೆಗಳಲ್ಲಿ ಮಗು ನಮ್ಮನ್ನೇ ನೋಡಿ ಕಲಿಯುತ್ತದೆ. ಸಂತ ಪೌಲರು ತಿಮೊಥೇಯನ ವಿಶ್ವಾಸವನ್ನು ನೆನೆಯುವಾಗ ಅವನ ಅಜ್ಜಿ ಲೋವಿಯನ್ನೂ ತಾಯಿ ಯೂನಿಕೆಯನ್ನೂ ಹೆಸರಿಟ್ಟು ನೆನೆಯುತ್ತಾರೆ. ಅಜ್ಜಿಯಂದಿರೇ, ನಿಮ್ಮ ಪಾಲು ಸಣ್ಣದಲ್ಲ!

ಮಕ್ಕಳು ಮಾತಿಗಿಂತ ಕೈಯಿಂದ ಬೇಗ ಕಲಿಯುತ್ತಾರೆ. ಮಂಗಳೂರು ಕಡೆಯಲ್ಲಿ ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮುಂಚೆ ಒಂಬತ್ತು ದಿನ ಮಕ್ಕಳು ಹೂವು ತಂದು ಬಾಲಮಾತೆಗೆ ಅರ್ಪಿಸುತ್ತಾರೆ. ಹೂವು ಕಿತ್ತ ಆ ಕೈ ದೊಡ್ಡದಾದ ಮೇಲೂ ಅದನ್ನು ಮರೆಯುವುದಿಲ್ಲ. ನಿಮ್ಮ ಮನೆಯಲ್ಲೂ ದೀಪ ಹಚ್ಚುವ, ವಾಚನ ಓದುವ ಕೆಲಸವನ್ನು ಮಕ್ಕಳಿಗೇ ಕೊಡಿ.

3. ಪ್ರಶ್ನೆಗೆ ಹೆದರಬೇಡಿ

"ದೇವರು ಇದ್ದರೆ ಅಜ್ಜ ಯಾಕೆ ಅಷ್ಟು ನರಳಿದ್ರು?" ಅಂತ ಮಗ ಕೇಳಿದರೆ "ಬಾಯಿ ಮುಚ್ಚು, ಪಾಪ ಬರುತ್ತೆ" ಅನ್ನಬೇಡಿ. ಬಾಯಿ ಮುಚ್ಚಿದ ಪ್ರಶ್ನೆ ಸಾಯುವುದಿಲ್ಲ, ಬೇರೆ ಕಡೆ ಉತ್ತರ ಹುಡುಕಿಕೊಂಡು ಹೋಗುತ್ತದೆ. ಉತ್ತರ ತಿಳಿಯದಿದ್ದರೆ "ಗುರುಗಳನ್ನು ಕೇಳೋಣ, ಒಟ್ಟಿಗೆ ಓದೋಣ" ಎನ್ನಿ.

1991ರಲ್ಲಿ ಹುಟ್ಟಿ ಇಟಲಿಯ ಮಿಲಾನಿನಲ್ಲಿ ಬೆಳೆದ ಕಾರ್ಲೊ ಅಕುಟಿಸ್ ಕಂಪ್ಯೂಟರ್ ಪ್ರಿಯ ಹುಡುಗ. ಪರಮಪ್ರಸಾದದ ಅದ್ಭುತಗಳ ವಿವರ ಕಲೆಹಾಕಿ ವೆಬ್‌ಸೈಟ್ ರೂಪಿಸಿದ. 2006ರಲ್ಲಿ, 15ನೇ ವಯಸ್ಸಿನಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ. 2025ರ ಸೆಪ್ಟೆಂಬರ್ 7ರಂದು ಅವನನ್ನು ಸಂತನೆಂದು ಘೋಷಿಸಲಾಯಿತು. ಅವನ ತಾಯಿ ಮೊದಲು ಅಷ್ಟಾಗಿ ದೇವಾಲಯಕ್ಕೆ ಹೋಗುವವರಾಗಿರಲಿಲ್ಲ. ಮಗನ ಪ್ರಶ್ನೆಗಳೇ ಆಕೆಯನ್ನು ಮತ್ತೆ ವಿಶ್ವಾಸದ ಕಡೆ ತಿರುಗಿಸಿದವು. ಮಕ್ಕಳೂ ನಮಗೆ ದಾರಿ ತೋರಿಸಬಲ್ಲರು.

4. ದೂರ ಹೋದ ಮಗನಿಗಾಗಿ

ಸಂತ ಮೋನಿಕಾ ಅವರ ಮಗ ಅಗಸ್ಟೀನ್ ಬೇರೆ ಮತವನ್ನು ಹಿಡಿದು ನಡೆದ. 383ರಲ್ಲಿ ತಾಯಿಗೆ ಸುಳ್ಳು ಹೇಳಿ ರಾತ್ರೋರಾತ್ರಿ ರೋಮಿಗೆ ಹಡಗು ಹತ್ತಿದ. ಅದಕ್ಕೂ ಮೊದಲೇ, ಮಗನೊಂದಿಗೆ ವಾದ ಮಾಡಿ ಬುದ್ಧಿ ಹೇಳಿರೆಂದು ಆಕೆ ಒಬ್ಬ ಧರ್ಮಾಧ್ಯಕ್ಷರ ಬಳಿ ಅಂಗಲಾಚಿದ್ದಳು. ಅವರು ಒಪ್ಪಲಿಲ್ಲ. ಈಗ ವಾದ ಬೇಡ, ಅವನಿಗಾಗಿ ಪ್ರಾರ್ಥಿಸು, ಓದುತ್ತಾ ಅವನೇ ತನ್ನ ತಪ್ಪು ತಿಳಿದುಕೊಳ್ಳುತ್ತಾನೆ ಎಂದರು. ಇಷ್ಟು ಕಣ್ಣೀರಿನ ಮಗ ಹಾಳಾಗಲಾರ ಎಂದೂ ಧೈರ್ಯ ಹೇಳಿದರು. ಮೋನಿಕಾ ಪ್ರಾರ್ಥನೆಯನ್ನೂ ಬಿಡಲಿಲ್ಲ, ಮಗನನ್ನೂ ಬಿಡಲಿಲ್ಲ. ಹಿಂದೆಯೇ ಇಟಲಿಗೆ ಹೋದಳು. 387ರ ಪಾಸ್ಕ ಜಾಗರಣೆಯ ರಾತ್ರಿ ಮಿಲಾನಿನಲ್ಲಿ ಸಂತ ಆಂಬ್ರೋಸರ ಕೈಯಿಂದ ಅಗಸ್ಟೀನ್ ದೀಕ್ಷಾಸ್ನಾನ ಪಡೆದ. ಅದೇ ವರ್ಷ ತಾಯಿ ನೆಮ್ಮದಿಯಿಂದ ಕಣ್ಣು ಮುಚ್ಚಿದಳು.

ಎಲ್ಲ ಮನೆಯಲ್ಲೂ ಹೀಗೇ ಆಗುತ್ತೆ ಅಂತ ಭರವಸೆ ಕೊಡಲು ನಮಗೆ ಅಧಿಕಾರವಿಲ್ಲ. ವಿಶ್ವಾಸ ದೇವರ ವರ. ಅದಕ್ಕೆ ಹೂಂ ಎನ್ನುವುದು ಮಗುವಿನ ಸ್ವಾತಂತ್ರ್ಯ. ನಮ್ಮ ಕೈಯಲ್ಲಿರುವುದು ಮನೆಯ ಬಾಗಿಲು. ಅದನ್ನು ತೆರೆದಿಡೋಣ.

ಮನೆಗೆ ಹೋದ ಮೇಲೆ

• ಸಂಜೆ ಟಿವಿ, ಮೊಬೈಲ್ ಆರಿಸಿ ಹತ್ತು ನಿಮಿಷ ಒಟ್ಟಿಗೆ ಪ್ರಾರ್ಥಿಸಿ. ಪೂರ್ತಿ ಜಪಸರ ಆಗದಿದ್ದರೆ ಒಂದು ರಹಸ್ಯ ಸಾಕು.
• ಮಕ್ಕಳ ಮುಂದೆ ಗುರುಗಳನ್ನೂ ನೆರೆಯವರನ್ನೂ ಆಡಿಕೊಳ್ಳಬೇಡಿ.
• ಜಗಳವಾದ ದಿನ ಮಕ್ಕಳ ಹತ್ತಿರವೂ ಕ್ಷಮೆ ಕೇಳಿ. ಕ್ಷಮೆ ಎಂದರೇನೆಂದು ಅವರು ಕಲಿಯುವುದು ಅಲ್ಲೇ.
• ದೃಢೀಕರಣ ಆದ ಮಕ್ಕಳಿಗೆ ಗಾಯನ, ವಾಚನ, ಬಡವರ ಭೇಟಿ, ಹೀಗೆ ಒಂದು ಜವಾಬ್ದಾರಿ ಸಿಗುವಂತೆ ಮಾಡಿ.
• ಬಾರದ ಮಗುವಿಗೆ ಇಂದೇ ಫೋನ್ ಮಾಡಿ. ಉಪದೇಶ ಬೇಡ. "ಊಟ ಆಯ್ತಾ?" ಅಂತ ಕೇಳಿ, "ನಿನ್ನ ಹೆಸರು ಹೇಳಿ ಬತ್ತಿ ಹಚ್ಚಿದೆ" ಅನ್ನಿ.

ಪ್ರಾರ್ಥನೆ

ಪ್ರಭುವೇ, ನೀವು ಕೊಟ್ಟ ಮಕ್ಕಳನ್ನು ನಿಮ್ಮ ಪಾದದಲ್ಲೇ ಇಡುತ್ತೇವೆ. ಹತ್ತಿರ ಇರುವವರನ್ನು ಬೆಳೆಸಿರಿ, ದೂರ ಹೋದವರನ್ನು ಕಾಪಾಡಿರಿ. ಮಗನನ್ನು ಮೂರು ದಿನ ಹುಡುಕಿದ ಮಾತೆಯೇ, ಹುಡುಕುತ್ತಿರುವ ತಂದೆತಾಯಂದಿರ ಜೊತೆ ನಡೆಯಿರಿ. ಆಮೆನ್.